ದೊಡ್ಡ ಗಿರಾಕಿಯಾದರೂ ಎಣ್ಣೆ ವಿಷಯದಲ್ಲಿ ಭಾರತ ಯಾಕೆ ತಗ್ಗಬೇಕು?

ನಿಮ್ಮ ಪ್ರಶ್ನೆ ಇದು: ಕಚ್ಚಾ ತೈಲ ಕೊಳ್ಳುವ ದೇಶಗಳಲ್ಲಿ ಭಾರತ ಮೂರನೇ ಸ್ಥಾನದಲ್ಲಿದೆ, ಇಷ್ಟು ದೊಡ್ಡ ಗಿರಾಕಿಯ ಮಾತನ್ನು ಮಾರುವವರೇ ಕೇಳಬೇಕಲ್ವಾ, ನಾವ್ಯಾಕೆ ಅವರಿವರಿಗೆ ತಗ್ಗಬೇಕು?

ನಾನು ಹುಬ್ಬಳ್ಳಿಯವನು. ಬ್ಯಾಡಗಿಯಿಂದ ಮೆಣಸಿನಕಾಯಿ ಹೊರುವ ಎರಡು ಲಾರಿ ನಮ್ಮವು. ಡೀಸೆಲ್ ಲೆಕ್ಕ ಬರೆಯದೆ ಒಂದು ದಿನವೂ ಕಳೆಯುವುದಿಲ್ಲ. ಹಾಗಾಗಿ ಈ ಪ್ರಶ್ನೆ ನನ್ನನ್ನು ಬಹಳ ವರ್ಷದಿಂದ ಕಾಡಿದೆ. ಗಿರಾಕಿ ಎಷ್ಟು ಕೊಳ್ಳುತ್ತಾನೆ ಅನ್ನುವುದಕ್ಕಿಂತ, ಕೊಳ್ಳದೆ ಎಷ್ಟು ದಿನ ತಡೆಯಬಲ್ಲ ಅನ್ನುವುದರ ಮೇಲೆ ಅವನ ಮಾತಿಗೆ ತೂಕ ಬರುತ್ತದೆ. ನನಗೆ ಸಿಕ್ಕ ಉತ್ತರ ಇಷ್ಟೇ.

ಗದಗ ಹತ್ತಿರದ ನಮ್ಮ ಅಜ್ಜನ ಮನೆಯಲ್ಲಿ ಹಗೇವು, ಅಂದರೆ ನೆಲದಡಿ ಕಾಳು ತುಂಬಿಡುವ ಗುಂಡಿ, ಇತ್ತು. ಅಂಗಳದಲ್ಲಿ ಒಬ್ಬರು ಇಳಿಯುವಷ್ಟು ಬಾಯಿ, ಒಳಗೆ ಕೋಣೆಯಷ್ಟು ಅಗಲ, ಅದರ ತುಂಬ ಜೋಳ. ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲಿ ಅಂತ ಕಾಯುತ್ತಿದ್ದರು. ಆಮೇಲೆ ಕಂದೀಲು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಒಬ್ಬರು ಇಳಿಯುತ್ತಿದ್ದರು. ಬುಟ್ಟಿಯಲ್ಲಿ ಮೇಲೆ ಬಂದ ಜೋಳದ ಆ ಮುಗ್ಗಲು ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ. ಮಳೆ ಕೈಕೊಟ್ಟ ವರ್ಷ ಹಗೇವಿನಲ್ಲಿ ಕಾಳಿದ್ದವರು ಸಾವಕಾರನ ಬಾಗಿಲಿಗೆ ಹೋಗುತ್ತಿರಲಿಲ್ಲ. ಇಲ್ಲದವರು ಅವನು ಹೇಳಿದ ದರಕ್ಕೇ ಒಯ್ಯಬೇಕಿತ್ತು, ಮೇಲೆ ಅವನ ಹೊಲದಲ್ಲಿ ಬಿಟ್ಟಿ ದುಡಿಯಬೇಕಿತ್ತು ಅಂತ ಅಜ್ಜ ಹೇಳುತ್ತಿದ್ದರು.

ದೇಶಕ್ಕೂ ಹಗೇವು ಇದೆ. ಉಡುಪಿ ಜಿಲ್ಲೆಯ ಪಾದೂರು, ಮಂಗಳೂರು, ವಿಶಾಖಪಟ್ಟಣ, ಈ ಮೂರು ಕಡೆ ನೆಲದಡಿ ಬಂಡೆ ಕೊರೆದು ತೈಲ ತುಂಬಿಸಿಡುತ್ತಾರೆ. ಮೂರೂ ಸೇರಿ ಸುಮಾರು 53 ಲಕ್ಷ ಟನ್ ಹಿಡಿಯುತ್ತವೆ. ಪೂರ್ತಿ ತುಂಬಿದ್ದರೂ ದೇಶಕ್ಕೆ ಒಂಬತ್ತು ಹತ್ತು ದಿನದ ಎಣ್ಣೆ. ಕಂಪನಿಗಳ ಟ್ಯಾಂಕಿನಲ್ಲಿರುವುದನ್ನು ಸೇರಿಸಿದರೆ ಎರಡು ತಿಂಗಳ ಮೇಲೆ ಆಗುತ್ತದೆ ಅಂತ ಸರ್ಕಾರ ಹೇಳಿದೆ. 1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿ ದರ ನಾಲ್ಕು ಪಟ್ಟು ಏರಿದಾಗ ಶ್ರೀಮಂತ ದೇಶಗಳು ಪಾಠ ಕಲಿತವು. ಮರುವರ್ಷವೇ ಒಂದು ಸಂಸ್ಥೆ ಕಟ್ಟಿಕೊಂಡು, ಮುಂದೆ ಆಮದು ಮಾಡುವ ಸದಸ್ಯ ದೇಶ 90 ದಿನದ ಆಮದಿನಷ್ಟು ದಾಸ್ತಾನು ಇಡಬೇಕು ಅಂತ ನಿಯಮ ಮಾಡಿದವು. ನಾವು ಬಂಡೆ ಕೊರೆಯಲು ಬಹಳ ತಡ ಮಾಡಿದೆವು.

ತಡದ ಬೆಲೆ 1990ರಲ್ಲಿ ಗೊತ್ತಾಯಿತು. ಆಗಸ್ಟ್ 2ರಂದು ಇರಾಕ್ ಕುವೈತ್ ಮೇಲೆ ಬಿತ್ತು. ಅವರಿಬ್ಬರೂ ನಮಗೆ ಎಣ್ಣೆ ಕೊಡುತ್ತಿದ್ದವರೇ. ದರ ಏರಿತು, ಕೊಲ್ಲಿಯಲ್ಲಿ ದುಡಿಯುತ್ತಿದ್ದ ನಮ್ಮವರು ಕಳಿಸುತ್ತಿದ್ದ ದುಡ್ಡು ಕಡಿಮೆಯಾಯಿತು. ಸೀಮೆಎಣ್ಣೆಗೆ ಅವ್ವ ಡಬ್ಬಿ ಹಿಡಿದು ಪಾಳಿ ನಿಂತಿದ್ದು ನನಗೆ ನೆನಪಿದೆ. 1991ರ ಜನವರಿಯಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಸಾಲ ಬಂತು. ಅದೇ ತಿಂಗಳು ಇರಾಕ್ ಮೇಲಿನ ಯುದ್ಧಕ್ಕಾಗಿ ಕೊಲ್ಲಿಗೆ ಹೊರಟ ಅಮೆರಿಕದ ಸೇನಾ ವಿಮಾನಗಳು ನಮ್ಮ ನೆಲದಲ್ಲಿ ಇಂಧನ ತುಂಬಿಸಿಕೊಂಡು ಹೋದವು. ಒಂದಕ್ಕೆ ಇನ್ನೊಂದು ಬದಲು ಅಂತ ನಾನು ಹೇಳುವುದಿಲ್ಲ. ಆದರೆ ಖಾಲಿ ಕೈಯಲ್ಲಿದ್ದವನಿಗೆ ಬೇಡ ಅನ್ನುವುದು ಕಷ್ಟ. ಜುಲೈ ಹೊತ್ತಿಗೆ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ಅಡವಿಗೆ ಹೊರಗೆ ಹೋಯಿತು.

ನಮ್ಮ ಜುಟ್ಟು ಹಿಡಿಯುವವನು ಎಣ್ಣೆ ಇದ್ದವನೇ ಆಗಬೇಕು ಅಂತಿಲ್ಲ. ಇರಾನ್ ನೋಡಿ. ನಮಗೆ 60 ದಿನ ಉದ್ರಿ ಕೊಡುತ್ತಿತ್ತು, ಸ್ವಲ್ಪ ದಿನ ರೂಪಾಯಿಯನ್ನೂ ತೆಗೆದುಕೊಂಡಿತು. ಮಂಗಳೂರಿನ ರಿಫೈನರಿ ಅದರ ದೊಡ್ಡ ಗಿರಾಕಿಯಾಗಿತ್ತು. 2019ರ ಮೇನಲ್ಲಿ, ಇರಾನ್ ಮೇಲೆ ಹಾಕಿದ್ದ ನಿರ್ಬಂಧದಿಂದ ಅಮೆರಿಕ ನಮಗೆ ಕೊಟ್ಟಿದ್ದ ವಿನಾಯಿತಿ ಮುಗಿಯಿತು, ನಾವು ಕೊಳ್ಳುವುದನ್ನು ನಿಲ್ಲಿಸಿದೆವು. ಮಾರುವವನೂ ಸಿದ್ಧ, ಕೊಳ್ಳುವವನೂ ಸಿದ್ಧ. ಡಾಲರ್, ಬ್ಯಾಂಕು, ಹಡಗಿನ ವಿಮೆ ಮೂರನೆಯವನ ಕೈಯಲ್ಲಿ. ರಷ್ಯಾದ ಕತೆಯೂ ಹಾಗೇ. 2022ಕ್ಕೆ ಮುಂಚೆ ನಮ್ಮ ತೈಲ ಆಮದಿನಲ್ಲಿ ಅದರ ಪಾಲು ನೂರಕ್ಕೆ ಎರಡರಷ್ಟು, ಮರುವರ್ಷ ಮೂರನೇ ಒಂದರ ಹತ್ತಿರ. 2025ರ ಆಗಸ್ಟ್‌ನಲ್ಲಿ ಆ ಎಣ್ಣೆಯ ಹೆಸರಿನಲ್ಲಿ ಅಮೆರಿಕ ನಮ್ಮ ಸರಕಿಗೆ ಇನ್ನೂ 25 ಪರ್ಸೆಂಟ್ ಸುಂಕ ಹಾಕಿತು. ಎಣ್ಣೆ ಕೊಂಡಿದ್ದು ರಿಫೈನರಿ, ಪೆಟ್ಟು ತಿಂದಿದ್ದು ಬಟ್ಟೆ ಹೊಲಿಯುವವರು, ಸಿಗಡಿ ಸಾಕುವವರು. ಇದು ನನಗೆ ಬಹಳ ನೋವು ಕೊಟ್ಟ ಸಂಗತಿ.

ಹಾಗಾದರೆ ಏನು ಮಾಡೋದು ಅಂತೀರಾ? ಹಗೇವು ದೊಡ್ಡದು ಮಾಡಬೇಕು, ಉಣ್ಣುವುದನ್ನೂ ಕಡಿಮೆ ಮಾಡಬೇಕು. ನಮಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಹೊರಗಿನದು. ಹಾವೇರಿಯಲ್ಲಿ ರಾಶಿ ರಾಶಿ ಬೆಳೆಯುವ ಗೋವಿನಜೋಳದಿಂದ ಎಥೆನಾಲ್ ಮಾಡಬಹುದು, ಒಳ್ಳೆಯದೇ. ಆದರೆ ಅದು ಸೇರುವುದು ಪೆಟ್ರೋಲಿಗೆ. ಈ ದೇಶ ಅತಿ ಜಾಸ್ತಿ ಸುಡುವುದು ಡೀಸೆಲ್, ಲಾರಿ, ಟ್ರ್ಯಾಕ್ಟರ್, ಬಸ್ಸು ಎಲ್ಲದರಲ್ಲೂ. ಕಪ್ಪತಗುಡ್ಡದ ಕಡೆ ಅಷ್ಟು ಗಾಳಿಯಂತ್ರ ತಿರುಗುತ್ತವೆ, ಅದರ ಕರೆಂಟು ನನ್ನ ಲಾರಿಗೆ ಇನ್ನೂ ಬಂದಿಲ್ಲ. ರೈಲಿಗೆ ಮಾತ್ರ ಬಂದಿದೆ. ಹುಬ್ಬಳ್ಳಿ–ಗದಗ ಮಾರ್ಗದಲ್ಲಿ ಈಗ ಕರೆಂಟಿನ ಇಂಜಿನ್ ಓಡುತ್ತಿದೆ. ಈ ಸುಗ್ಗಿಗೆ ದೂರದ ಲೋಡುಗಳಲ್ಲಿ ಒಂದನ್ನಾದರೂ ರೈಲಿಗೆ ಹಾಕೋಣ ಅಂತ ತಮ್ಮನ ಜೊತೆ ಕೂತು ಲೆಕ್ಕ ಹಾಕುತ್ತಿದ್ದೇನೆ.