ಸರ್ಟಿಫಿಕೇಟ್ ವಾಯಿದೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಎಜೆಡ್-104 ಪರೀಕ್ಷೆ ಪಾಸು ಮಾಡಿ ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆಯಾದ ಅಜೂರ್‌ನ ಅಡ್ಮಿನಿಸ್ಟ್ರೇಟರ್ ಸರ್ಟಿಫಿಕೇಟ್ ಪಡೆದಿದ್ದೆ. ಇನ್ನೆರಡು ತಿಂಗಳಲ್ಲಿ ಅದರ ವಾಯಿದೆ ಮುಗಿಯುತ್ತದೆ. ಮತ್ತೆ ದುಡ್ಡು ಕಟ್ಟಿ ಪರೀಕ್ಷೆ ಬರೆಯಬೇಕೇ? ಈ ತಿಂಗಳ ಕೊನೆಗೆ ಕಂಪನಿ ಬೇರೆ ಬದಲಿಸುತ್ತಿದ್ದೇನೆ. ಲಾಗಿನ್ ಇರುವುದು ಆಫೀಸ್ ಮೇಲ್‌ನಲ್ಲಿ.
— ಓದುಗರು, ಹಾಸನ

ಉತ್ತರ: ದುಡ್ಡು ಬೇಡ, ಪರೀಕ್ಷಾ ಕೇಂದ್ರಕ್ಕೂ ಹೋಗಬೇಕಿಲ್ಲ. ಆದರೆ ನೀವು ಕೊನೆಯಲ್ಲಿ ಬರೆದ ಸಂಗತಿಯನ್ನೇ ಮೊದಲು ಸರಿಮಾಡಿಕೊಳ್ಳಿ. ಕಂಪನಿ ನಿಮ್ಮ ಆಫೀಸ್ ಖಾತೆ ಮುಚ್ಚಿದರೆ ಸರ್ಟಿಫಿಕೇಟ್ ಇರುವ ಮೈಕ್ರೋಸಾಫ್ಟ್ ಲರ್ನ್ ತಾಣದ ಪ್ರೊಫೈಲ್‌ಗೆ ಹೋಗುವ ದಾರಿಯೂ ಮುಚ್ಚುತ್ತದೆ. ಆಮೇಲೆ ಸಪೋರ್ಟ್‌ಗೆ ಬರೆದು ಕಾಯುವ ಪಾಡು. ಇವತ್ತೇ ಲಾಗಿನ್ ಆಗಿ, ಪ್ರೊಫೈಲ್ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಸ್ವಂತ ಮೇಲ್‌ನ ಖಾತೆಯನ್ನೂ ಸೇರಿಸಿ. ಲಾಗೌಟ್ ಮಾಡಿ, ಸ್ವಂತ ಖಾತೆಯಿಂದ ಒಳಗೆ ಹೋಗಿ ನೋಡಿ. ಸರ್ಟಿಫಿಕೇಟ್ ಅಲ್ಲಿ ಕಾಣಿಸಿದರೆ ಮಾತ್ರ ಕೆಲಸ ಆಯಿತೆಂದು ಲೆಕ್ಕ.

ಇನ್ನು ನವೀಕರಣ. ವಾಯಿದೆಗೆ 6 ತಿಂಗಳು ಇರುವಾಗಲೇ ಪ್ರೊಫೈಲ್‌ನಲ್ಲಿ ರಿನ್ಯೂ ಬಟನ್ ಬರುತ್ತದೆ, ಅಂದರೆ ನಿಮಗೆ ಈಗಾಗಲೇ ಬಂದಿರಬೇಕು. ಮುಕ್ಕಾಲು ಗಂಟೆಯ ಪರೀಕ್ಷೆ, ಮೇಲ್ವಿಚಾರಕರಿಲ್ಲ, ಪುಸ್ತಕ ತೆರೆದಿಟ್ಟುಕೊಂಡೂ ಬರೆಯಬಹುದು. ಫೇಲಾದರೆ ಎರಡನೇ ಸಲ ಕೂಡಲೇ ಕೂರಬಹುದು. ಅಲ್ಲಿಂದ ಮುಂದೆ ಪ್ರತಿ ಸಲಕ್ಕೂ 24 ಗಂಟೆ ಬಿಡಬೇಕು. ಹಾಗಾಗಿ ಮೊದಲ ಸಲ ಸೋತರೆ ಹಟಕ್ಕೆ ಬಿದ್ದು ಮತ್ತೆ ಬಟನ್ ಒತ್ತಬೇಡಿ. ಯಾವ ಭಾಗದಲ್ಲಿ ಅಂಕ ಕಡಿಮೆಯೆಂದು ಫಲಿತಾಂಶವೇ ತೋರಿಸುತ್ತದೆ, ಆ ಪಾಠಗಳನ್ನು ಓದಿ ಬನ್ನಿ. ಬೇಗ ಬರೆದರೆ ದಿನಗಳು ಕಳೆದುಹೋಗುತ್ತವೆ ಎಂಬ ಭಯವೂ ಬೇಡ, ಹೊಸ ವರ್ಷ ಎಣಿಕೆಯಾಗುವುದು ಹಳೆಯ ವಾಯಿದೆಯ ದಿನದಿಂದಲೇ.

ಗಡುವು ಯುಟಿಸಿ (ಜಾಗತಿಕ ಪ್ರಮಾಣ) ಸಮಯ ರಾತ್ರಿ 11.59, ನಮಗದು ಮರುದಿನ ಬೆಳಗಿನ 5.29. ಅದು ದಾಟಿತೋ, ರಿಯಾಯಿತಿ ದಿನಗಳಿಲ್ಲ. ಶುಲ್ಕ ಕಟ್ಟಿ ಎಜೆಡ್-104 ಪೂರ್ತಿ ಬರೆಯಲೇಬೇಕು. ಎಜೆಡ್-900ರಂಥ ಫಂಡಮೆಂಟಲ್ಸ್ ಸರ್ಟಿಫಿಕೇಟ್‌ಗಳಿಗೆ ಮಾತ್ರ ವಾಯಿದೆಯಿಲ್ಲ.

ಪ್ರಶ್ನೆ: ಸಿಸ್ಕೋ ಕಂಪನಿಯ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಸಿಸಿಎನ್ಎಗೆ ಅಣ್ಣ 2022ರಲ್ಲಿ ಓದಿದ ಪುಸ್ತಕವನ್ನೇ ಓದುತ್ತಿದ್ದೇನೆ. ಪರೀಕ್ಷೆಯ ಸಂಖ್ಯೆ ಈಗಲೂ 200-301 ತಾನೇ?
— ಓದುಗರು, ದಾವಣಗೆರೆ

ಉತ್ತರ: ಸಂಖ್ಯೆ ಅದೇ, ಒಳಗಿನ ವಿಷಯ ಅದೇ ಅಲ್ಲ. ಎಡವುವುದು ಇಲ್ಲೇ. ಸರ್ಟಿಫಿಕೇಟ್ ಕೊಡುವ ಇನ್ನೊಂದು ಸಂಸ್ಥೆಯಾದ ಕಾಂಪ್‌ಟಿಯಾ ಪಠ್ಯ ಬದಲಿಸಿದಾಗ ಸಂಖ್ಯೆಯನ್ನೂ ಬದಲಿಸುತ್ತದೆ: ಅದರ ಸೈಬರ್ ಭದ್ರತೆಯ ಪರೀಕ್ಷೆ ಸೆಕ್ಯುರಿಟಿ ಪ್ಲಸ್‌ನ 601 ಹೋಗಿ 701 ಬಂತು. ಸಿಸ್ಕೋ ಹಾಗೆ ಮಾಡದೆ, 2024ರ ಆಗಸ್ಟ್ 20ರಿಂದ ಅದೇ 200-301ಕ್ಕೆ ಆವೃತ್ತಿ 1.1 ತಂದಿತು. ಸೆಟ್ಟಿಂಗ್ ಕೆಲಸವನ್ನು ತಾನಾಗಿ ಮಾಡಿಸುವ ಸಾಧನಗಳಲ್ಲಿ ಪಪೆಟ್, ಶೆಫ್ ಹೋಗಿ ಟೆರಾಫಾರ್ಮ್ ಬಂದಿದೆ, ಆನ್ಸಿಬಲ್ ಉಳಿದಿದೆ. ನೆಟ್‌ವರ್ಕ್‌ನಲ್ಲಿ ಲೂಪ್ ಆಗದಂತೆ ತಡೆಯುವ ಸ್ಪ್ಯಾನಿಂಗ್ ಟ್ರೀಯಲ್ಲಿ ರೂಟ್ ಗಾರ್ಡ್, ಲೂಪ್ ಗಾರ್ಡ್, ಬಿಪಿಡಿಯು ಗಾರ್ಡ್ ಸೇರಿವೆ. ಮಷೀನ್ ಲರ್ನಿಂಗ್ ಪರಿಚಯವೂ ಇದೆ. ಸಬ್‌ನೆಟ್ಟಿಂಗ್, ಓಎಸ್‌ಪಿಎಫ್, ಎಸಿಎಲ್‌ನಂಥ ಮೂಲ ವಿಷಯಗಳನ್ನು ಓದಲು ಅಣ್ಣನ ಪುಸ್ತಕ ಈಗಲೂ ಚೆನ್ನಾಗಿಯೇ ಆಗುತ್ತದೆ, ಎಸೆಯಬೇಡಿ. ಸಿಸ್ಕೋ ತಾಣದಿಂದ ಪರೀಕ್ಷಾ ವಿಷಯಗಳ ಪಟ್ಟಿ ಇಳಿಸಿ, ಅದರ ಮೇಲಿನ ಆವೃತ್ತಿ ಸಂಖ್ಯೆ ನೋಡಿ, ಪುಸ್ತಕದಲ್ಲಿಲ್ಲದ ವಿಷಯಗಳಿಗೆ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಪರೀಕ್ಷೆಗೆ ಸ್ಲಾಟ್ ಬುಕ್ ಮಾಡುವ ದಿನ ಆವೃತ್ತಿಯನ್ನು ಮತ್ತೊಮ್ಮೆ ನೋಡಿ.

ಪಾಸಾದರೆ 3 ವರ್ಷ ನಡೆಯುತ್ತದೆ. ಅದರೊಳಗೆ 30 ಸಿಇ ಕ್ರೆಡಿಟ್ (ಮುಂದುವರಿದ ಕಲಿಕೆಗೆ ಸಿಗುವ ಅಂಕ) ಗಳಿಸಬೇಕು, ಇಲ್ಲವೇ ಪರೀಕ್ಷೆ ಬರೆಯಬೇಕು. ನೆಟ್‌ವರ್ಕ್ ಕೆಲಸದಲ್ಲೇ ಮುಂದುವರಿಯುವುದಾದರೆ ಸಿಸಿಎನ್ಎಯನ್ನೇ ಮತ್ತೆ ಬರೆಯುವುದು ನಷ್ಟ. 350-401 ಎನ್‌ಕೋರ್ ಪರೀಕ್ಷೆ ಪಾಸು ಮಾಡಿದರೆ ಸಿಸಿಎನ್ಎ ತಾನಾಗಿ ನವೀಕರಣವಾಗಿ, ಮೇಲಿನ ಹಂತದ ಸರ್ಟಿಫಿಕೇಟ್ ಆದ ಸಿಸಿಎನ್‌ಪಿ ಎಂಟರ್‌ಪ್ರೈಸ್‌ನ ಎರಡು ಪರೀಕ್ಷೆಗಳಲ್ಲಿ ಒಂದು ಮುಗಿದಿರುತ್ತದೆ.

ಪ್ರಶ್ನೆ: ಸೆಕ್ಯುರಿಟಿ ಪ್ಲಸ್‌ಗೆ 50 ಸಿಇಯು (ಮುಂದುವರಿದ ಕಲಿಕೆಯ ಅಂಕ) ಪೂರ್ತಿ ಅಪ್‌ಲೋಡ್ ಮಾಡಿದ್ದೇನೆ. ಆದರೂ ನವೀಕರಣ ಆಗಿಲ್ಲ.
— ಓದುಗರು, ದುಬೈ

ಉತ್ತರ: ವಾರ್ಷಿಕ ಶುಲ್ಕ ಬಾಕಿಯಿದೆಯೇ ನೋಡಿ. ಸಿಇಯು ತುಂಬಿದ್ದರೂ ಶುಲ್ಕ ಸೇರದೆ ನವೀಕರಣ ಮುಗಿಯುವುದಿಲ್ಲ. ಶುಲ್ಕ ಕಟ್ಟಿದ್ದರೆ ದಾಖಲೆಗಳನ್ನು ತೆರೆದು ನೋಡಿ: ನಿಮ್ಮ ಹೆಸರು, ದಿನಾಂಕ, ಎಷ್ಟು ಗಂಟೆ ಎಂಬ ಮೂರೂ ಕಾಣಬೇಕು. ದಿನಾಂಕ ನಿಮ್ಮ 3 ವರ್ಷದ ಅವಧಿಯೊಳಗೇ ಬರಬೇಕು, ತರಬೇತಿಯ ಕನಿಷ್ಠ ಅರ್ಧ ಭಾಗವಾದರೂ ಪರೀಕ್ಷೆಯ ಪಠ್ಯಕ್ಕೆ ಹೊಂದಬೇಕು. ವೆಬಿನಾರ್ ಮುಗಿದ ಕೂಡಲೇ ಸರ್ಟಿಫಿಕೇಟ್ ಇಳಿಸಿಟ್ಟುಕೊಳ್ಳಿ, ವರ್ಷ ಕಳೆದ ಮೇಲೆ ಆ ಲಿಂಕ್ ತೆರೆಯುತ್ತದೆಂಬ ಭರವಸೆಯಿಲ್ಲ.