ಹಣ ಕೇಳುವ ಮೊದಲು ಗೋಡೆ ಕೇಳಿ

ನಮಸ್ಕಾರ.

ನಿಮ್ಮ ಪತ್ರದಲ್ಲಿ ಬೇಸರವೂ ಇದೆ, ಸ್ವಲ್ಪ ಸಿಟ್ಟೂ ಇದೆ. ಬಡಾವಣೆಯ ಚಿತ್ರಕಾರರೆಲ್ಲ ಸೇರಿ ಮೂರು ದಿನದ ಕಲಾ ಉತ್ಸವ ಮಾಡಲು ಹೊರಟಿದ್ದೀರಿ. ರಸೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ಸುತ್ತಿದ್ದೀರಿ. ಹೆಚ್ಚಿನವರು ‘ಆಮೇಲೆ ಬನ್ನಿ’ ಅಂದರು. ಬ್ಯಾಂಕಿನ ಮ್ಯಾನೇಜರು ಚೆನ್ನಾಗಿ ಮಾತಾಡಿಸಿ ಬರಿಗೈಯಲ್ಲಿ ಕಳಿಸಿದರು. ಒಬ್ಬ ವ್ಯಾಪಾರಿ ಮಾತ್ರ ಪೂರ್ತಿ ಖರ್ಚು ನನ್ನದೇ ಇರಲಿ ಅಂದರಂತೆ. ಆದರೆ ಉತ್ಸವದ ಹೆಸರಿನ ಮುಂದೆ ಅವರ ಅಂಗಡಿಯ ಹೆಸರು ಬರಬೇಕು, ಯಾವ ಚಿತ್ರ ಇಡುತ್ತೀರೆಂದು ಅವರಿಗೆ ಮೊದಲೇ ತೋರಿಸಬೇಕು. ಈಗ ನಿಮ್ಮ ಗುಂಪಿನಲ್ಲೇ ಎರಡು ಪಕ್ಷ. ಅಂಗಡಿಯವರ ದುಡ್ಡು ಮುಟ್ಟಲೇಬಾರದು ಎಂದು ಕೆಲವರು, ಸಿಕ್ಕಿದ್ದನ್ನು ತೆಗೆದುಕೊಳ್ಳೋಣ ಎಂದು ಉಳಿದವರು.

ಮುಟ್ಟಲೇಬಾರದು ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಸುಮಾರು ಐನೂರು ವರ್ಷದ ಹಿಂದೆ ಇಟಲಿಯ ಫ್ಲಾರೆನ್ಸಿನಲ್ಲಿದ್ದ ಮೆಡಿಚಿ ಮನೆತನದವರು ಬ್ಯಾಂಕು ನಡೆಸುತ್ತಿದ್ದವರು. ದೊಡ್ಡ ಕಲಾವಿದರಾದ ಬೊಟಿಚೆಲ್ಲಿ, ಮೈಕೆಲ್ಯಾಂಜೆಲೊ ಇಬ್ಬರಿಗೂ ಅವರ ಆಸರೆ ಇತ್ತು. ವ್ಯಾಪಾರದ ದುಡ್ಡು ಚಿತ್ರದ ಬಳಿಗೆ ಬಂದದ್ದು ಇವತ್ತಲ್ಲ, ನಿನ್ನೆಯಲ್ಲ.

ನೀವು ಎಡವಿದ್ದು ಕೇಳಿದ ರೀತಿಯಲ್ಲಿ ಅನ್ನಿಸುತ್ತೆ. ಅಂಗಡಿಯವರಿಗೆ ಗಲ್ಲಾದಿಂದ ನಗದು ತೆಗೆದುಕೊಡುವುದೇ ಎಲ್ಲಕ್ಕಿಂತ ಕಷ್ಟ. ಆ ನಗದಿಗೆ ಬಾಡಿಗೆ, ಸಂಬಳ, ಸಾಲದ ಕಂತು ಎಲ್ಲ ಕಾದು ನಿಂತಿರುತ್ತವೆ. ಆದರೆ ಅವರ ಹತ್ತಿರ ಬೇರೆ ಏನೇನೋ ಇರುತ್ತೆ. ರಸ್ತೆಗೆ ಮುಖ ಮಾಡಿದ ಗಾಜಿನ ಕಿಟಕಿ, ಖಾಲಿ ಗೋಡೆ, ಕರೆಂಟಿನ ಪಾಯಿಂಟು, ಮಧ್ಯಾಹ್ನ ಸುಮ್ನೆ ನಿಂತಿರುವ ಟೆಂಪೊ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕತ್ತರಿಸಿ ಉಳಿದ ಕಾಗದ ಇರುತ್ತೆ, ಮಕ್ಕಳ ಚಿತ್ರ ಶಿಬಿರಕ್ಕೆ ಅದು ಧಾರಾಳ ಸಾಕು. ಶಾಲೆಯಲ್ಲಿ ಬೆಂಚು, ಗ್ರಂಥಾಲಯದಲ್ಲಿ ಹಾಲ್, ಎರಡೂ ಕಡೆ ಬೀಗದ ಕೈ ಇಟ್ಟುಕೊಂಡ ಒಬ್ಬ ಮನುಷ್ಯ. ಈ ಕೊನೆಯವರನ್ನು ಮೊದಲೇ ಪರಿಚಯ ಮಾಡಿಕೊಳ್ಳಿ. ಎಷ್ಟೋ ಕಾರ್ಯಕ್ರಮಗಳು ಅಧ್ಯಕ್ಷರಿಗಿಂತ ಜಾಸ್ತಿ ಅವರನ್ನೇ ನಂಬಿ ನಡೆಯುತ್ತವೆ.

1947ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ಅಂತರರಾಷ್ಟ್ರೀಯ ಉತ್ಸವ ಶುರುವಾದಾಗ ಎಂಟು ನಾಟಕ ತಂಡಗಳು ಕರೆಯದೇ ಬಂದು, ಸಿಕ್ಕಿದ ಜಾಗದಲ್ಲಿ ಆಡಿದವು. ಅದೇ ಮುಂದೆ ‘ಫ್ರಿಂಜ್’ ಉತ್ಸವವಾಗಿ ಬೆಳೆಯಿತು. ಈಗಲೂ ಅಲ್ಲಿ ಚರ್ಚಿನ ಹಾಲ್, ಪಬ್ಬಿನ ಹಿಂದಿನ ಕೋಣೆ ಎಲ್ಲ ರಂಗಸ್ಥಳವೇ. ಜಾಗ ಕೊಡುವವರಿದ್ದರೆ ಉತ್ಸವದ ಅರ್ಧ ಖರ್ಚು ಕೈಬಿಟ್ಟ ಹಾಗೆ ಅಲ್ವಾ?

ಅಂಗಡಿ ಕಿಟಕಿಯಲ್ಲಿ ಚಿತ್ರ ಇಡುವ ಯೋಚನೆ ನಿಮ್ಮ ಪತ್ರದಲ್ಲೂ ಒಂದು ಸಾಲಿನಲ್ಲಿ ಬಂದುಹೋಗಿದೆ. ಅದನ್ನು ಬಿಡಬೇಡಿ. ಆದರೆ ಸುಮ್ನೆ ಚಿತ್ರ ತಂದು ನಿಲ್ಲಿಸಿದರೆ ಆಗುವುದಿಲ್ಲ. ಜಲವರ್ಣಕ್ಕೆ ಬೆಳಕೇ ಶತ್ರು. ಮ್ಯೂಸಿಯಂಗಳಲ್ಲಿ ಕಾಗದದ ಮೇಲಿನ ಚಿತ್ರಗಳಿಗೆ ಸುಮಾರು 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಬೆಳಕು ಸಾಕೆಂದು ಇಟ್ಟುಕೊಳ್ಳುತ್ತಾರೆ. ನೇರ ಬಿಸಿಲು ಒಂದು ಲಕ್ಷ ಲಕ್ಸ್‌ವರೆಗೂ ಹೋಗುತ್ತೆ. ಬಿಸಿಲು ಬೀಳುವ ಕಿಟಕಿಗೆ ಮೂಲಚಿತ್ರ ಬೇಡ, ಒಳ್ಳೆಯ ಪ್ರಿಂಟ್ ಇಡಿ. ಮಧ್ಯಾಹ್ನ ರಸ್ತೆಯಾಚೆ ನಿಂತು ನೋಡಿ, ಗಾಜಿನಲ್ಲಿ ಎದುರಿನ ಕಟ್ಟಡ ಮಾತ್ರ ಕಾಣುತ್ತಿದ್ದರೆ ಚಿತ್ರವನ್ನು ಒಳಗಿನ ಗೋಡೆಗೆ ಸರಿಸಿ. ಚಿತ್ರದ ನಡುಭಾಗ ನೆಲದಿಂದ ಸುಮಾರು ಐದಡಿ ಎತ್ತರಕ್ಕೆ ಬರಲಿ. ಗಿರಾಕಿ ಸಾಮಾನು ತೆಗೆದುಕೊಳ್ಳುವ ದಾರಿಗೆ ಅಡ್ಡ ಬರಬಾರದು. ಒಂದು ದಿನ ಅಡ್ಡ ಬಂದರೂ ಎರಡನೇ ದಿನ ನಿಮ್ಮ ಚಿತ್ರ ಗೋದಾಮಿನಲ್ಲಿರುತ್ತೆ. ಶಟರ್ ಎಷ್ಟು ಹೊತ್ತಿಗೆ ಎಳೆಯುತ್ತಾರೆ ಎಂದೂ ಕೇಳಿ. ಜನ ಸಂಜೆ ಓಡಾಡುವ ಹೊತ್ತಿಗೆ ಕಬ್ಬಿಣದ ಬಾಗಿಲು ಬಿದ್ದಿದ್ದರೆ ಏನು ಬಂತು?

ಕೊಡುವಾಗ ಎರಡು ಪ್ರತಿ ಚೀಟಿ ಬರೆಯಿರಿ. ಕಲಾವಿದರ ಹೆಸರು, ಚಿತ್ರದ ಅಳತೆ, ಚೌಕಟ್ಟಿನಲ್ಲಿ ಮೊದಲೇ ಇದ್ದ ಗೀರು, ಒಡೆದರೆ ಯಾರ ಜವಾಬ್ದಾರಿ, ವಾಪಸ್ ಕೊಡುವುದು ಯಾವತ್ತು, ಎಲ್ಲ ಅದರಲ್ಲಿರಲಿ. ಅವತ್ತೇ ಒಂದು ಫೋಟೊ ಹೊಡೆದಿಟ್ಟುಕೊಳ್ಳಿ. ಮುಖದಾಕ್ಷಿಣ್ಯಕ್ಕೆ ಇದನ್ನು ಬಿಟ್ಟರೆ ಆಮೇಲೆ ಸ್ನೇಹವೇ ಕೆಡುತ್ತೆ.

ಬ್ಯಾಂಕಿನವರ ಮೇಲೆ ಸಿಟ್ಟು ಬೇಡ. ಶಾಖೆಯ ಮ್ಯಾನೇಜರಿಗೆ ಮನಸ್ಸಿದ್ದರೂ ಸಹಿ ಹಾಕುವ ಅಧಿಕಾರ ಬಹಳ ಸಲ ಮೇಲಿನವರಲ್ಲಿ ಇರುತ್ತೆ. ‘ಕೊಡುತ್ತೀರಾ’ ಎಂದು ಕೇಳುವ ಬದಲು ‘ಯಾರಿಗೆ ಪತ್ರ ಬರೆಯಬೇಕು, ಯಾವ ತಿಂಗಳಲ್ಲಿ’ ಎಂದು ಕೇಳಿ. ದೊಡ್ಡ ಸಂಸ್ಥೆಗಳ ಬಜೆಟ್ ಆರ್ಥಿಕ ವರ್ಷಕ್ಕೆ ಮೊದಲೇ ನಿಗದಿಯಾಗಿರುತ್ತೆ, ಉತ್ಸವಕ್ಕೆ ಒಂದು ತಿಂಗಳಿರುವಾಗ ಹೋದರೆ ಅವರಾದರೂ ಏನು ಮಾಡುತ್ತಾರೆ? ಪತ್ರ ಒಂದೇ ಪುಟದ್ದಿರಲಿ. ಹಣ ನಿಮ್ಮ ಸಂಘದ ಖಾತೆಗೆ ಬರಲಿ, ಯಾರೊಬ್ಬರ ಸ್ವಂತ ಖಾತೆಗೂ ಬೇಡ.

ರಸೀದಿ ಪುಸ್ತಕವನ್ನೂ ಎಸೆಯಬೇಡಿ. ಅಮೆರಿಕದ ಸ್ವಾತಂತ್ರ್ಯ ದೇವತೆಯ ಪ್ರತಿಮೆಗೆ ಪೀಠ ಕಟ್ಟಲು ದುಡ್ಡು ಸಾಲದಾದಾಗ ‘ದಿ ವರ್ಲ್ಡ್’ ಪತ್ರಿಕೆಯ ಜೋಸೆಫ್ ಪುಲಿಟ್ಜರ್, ಎಷ್ಟು ಚಿಕ್ಕ ಮೊತ್ತ ಕೊಟ್ಟರೂ ಹೆಸರು ಅಚ್ಚು ಹಾಕುತ್ತೇನೆ ಎಂದರು. 1885ರ ಆಗಸ್ಟಿನ ಹೊತ್ತಿಗೆ ಸುಮಾರು 1,20,000 ಜನರಿಂದ ಲಕ್ಷ ಡಾಲರಿಗೂ ಜಾಸ್ತಿ ಕೂಡಿಬಂತು. ಅದರಲ್ಲಿ ಹೆಚ್ಚಿನ ಪಾಲು ಒಂದು ಡಾಲರಿಗಿಂತ ಕಡಿಮೆ ಕೊಟ್ಟವರದು. ಹನಿ ಹನಿ ಕೂಡಿದರೆ ಹಳ್ಳ ಅನ್ನುವುದು ಇಂಥದ್ದಕ್ಕೇ. ಹಾಗೆ ಕೊಟ್ಟವರು ಮನೆಮಂದಿಯನ್ನೂ ಕರೆದುಕೊಂಡು ನೋಡಲು ಬರುತ್ತಾರೆ, ಅದೂ ಒಂದು ಲಾಭ.

ಇನ್ನು ಆ ವ್ಯಾಪಾರಿ. ಅವರು ಕೇಳಿದ ಎರಡನ್ನೂ ಬೇರೆ ಬೇರೆ ನೋಡಿ. ಹೆಸರು ಕೇಳುವುದರಲ್ಲಿ ತಪ್ಪೇನಿಲ್ಲ, ಕೊಟ್ಟವರು ಕೇಳುತ್ತಾರೆ. ಆದರೆ ಇಡೀ ಉತ್ಸವದ ನೆತ್ತಿಯ ಮೇಲೆ ಒಂದೇ ಹೆಸರು ಕೂತರೆ, ಅದೇ ವ್ಯಾಪಾರದ ಎದುರಂಗಡಿಯವರು ನಿಮ್ಮ ಕಡೆ ತಲೆ ಹಾಕುವುದಿಲ್ಲ. ಹೆಸರು ಹಾಕುವುದು ಸುಲಭ, ತೆಗೆಯುವುದು ಕಷ್ಟ ಅನ್ನುವುದೂ ನೆನಪಿರಲಿ. ಮ್ಯೂಸಿಯಂಗಳಿಗೆ ದೊಡ್ಡ ದಾನ ಕೊಟ್ಟಿದ್ದ ಅಮೆರಿಕದ ಸ್ಯಾಕ್ಲರ್ ಮನೆತನದ ಔಷಧಿ ಕಂಪನಿಯ ನೋವಿನ ಮಾತ್ರೆ ಜನರಿಗೆ ಚಟ ಹಿಡಿಸಿದ ವಿಚಾರ ಹೊರಬಿದ್ದ ಮೇಲೆ 2019ರಲ್ಲಿ ಪ್ಯಾರಿಸ್ಸಿನ ಲೂವ್ರ್, 2021ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತಮ್ಮ ಕೋಣೆಗಳಿಂದ ಆ ಹೆಸರನ್ನು ಇಳಿಸಬೇಕಾಯಿತು. ನಿಮ್ಮ ವ್ಯಾಪಾರಿ ಹಾಗೆ ಎಂದು ಖಂಡಿತ ನಾನು ಹೇಳುತ್ತಿಲ್ಲ. ಮಕ್ಕಳ ಶಿಬಿರಕ್ಕೋ ಸಂಜೆಯ ವೇದಿಕೆಗೋ ಅವರ ಹೆಸರು ಇಡಿ, ಈ ವರ್ಷದ ಮಟ್ಟಿಗೆ ಎಂದು ಬರೆದೂ ಕೊಡಿ. ಬೋರ್ಡಿಗೆ ಅವರ ಲೋಗೊದ ಮೂಲ ಫೈಲು ಕೇಳಿ ಪಡೆಯಿರಿ. ವಾಟ್ಸಾಪಿನಲ್ಲಿ ಬಂದ ಚಿತ್ರವನ್ನು ಹಿಗ್ಗಿಸಿದರೆ ಮಸುಕಾಗಿ, ದುಡ್ಡು ಕೊಟ್ಟೂ ಮುನಿಸಿಕೊಳ್ಳುತ್ತಾರೆ.

ಚಿತ್ರ ತೋರಿಸಬೇಕು ಅನ್ನುವುದಕ್ಕೆ ಮಾತ್ರ ಜಗ್ಗಬೇಡಿ. ಇವತ್ತು ನೋಡುತ್ತೇನೆ ಅನ್ನುವವರು ನಾಳೆ ಇದನ್ನು ತೆಗೆಯಿರಿ ಅನ್ನುತ್ತಾರೆ, ಅವರ ಹಂಗಿನಲ್ಲಿರುವ ನಿಮಗೆ ಇಲ್ಲ ಅನ್ನಲು ನಾಲಿಗೆ ಏಳುವುದಿಲ್ಲ. ಆಯ್ಕೆ ಸಮಿತಿಯಲ್ಲಿ ಯಾರಿರುತ್ತಾರೆ, ಹಣ ಕೊಟ್ಟವರು ಅದರಲ್ಲಿ ಇರುವುದಿಲ್ಲ ಎಂದು ಮೊದಲೇ ಅಚ್ಚು ಮಾಡಿಸಿ, ಎಲ್ಲ ಅಂಗಡಿಗಳಿಗೂ ಅದೇ ಹಾಳೆ ಕೊಡಿ. ಆಗ ಅದು ಅವರೊಬ್ಬರಿಗೆ ಹೇಳಿದ ಮಾತಾಗುವುದಿಲ್ಲ, ಅವರಿಗೂ ಅವಮಾನ ಅನ್ನಿಸುವುದಿಲ್ಲ. ಅಷ್ಟಕ್ಕೂ ಒಪ್ಪದಿದ್ದರೆ ಕೈಮುಗಿದು ಬನ್ನಿ, ಉತ್ಸವವನ್ನು ಎರಡು ದಿನಕ್ಕೆ ಇಳಿಸಿದರೂ ನಡೆಯುತ್ತೆ.

ಮುಗಿದ ವಾರದಲ್ಲೇ ಲೆಕ್ಕಪತ್ರದ ಜೊತೆ ಪ್ರತಿ ಅಂಗಡಿಗೂ ಅವರ ಕಿಟಕಿಯ ಮುಂದೆ ಜನ ನಿಂತ ಫೋಟೊ ಕೊಡಿ. ಮುಂದಿನ ವರ್ಷ ಕೇಳುವಾಗ ಬೇರೆ ಪೀಠಿಕೆ ಬೇಕಾಗುವುದಿಲ್ಲ.

ದಿನಾಂಕ ಗಟ್ಟಿಯಾದ ಮೇಲೆ ಒಂದು ಸಾಲು ಬರೆಯಿರಿ. ನಮ್ಮ ಕಾರ್ಯಕ್ರಮಗಳ ಪುಟದಲ್ಲಿ ಹಾಕುತ್ತೇವೆ. ಅದಕ್ಕೆ ದುಡ್ಡೂ ಬೇಡ, ನಿಮ್ಮ ಬೋರ್ಡಿನಲ್ಲಿ ನಮ್ಮ ಹೆಸರೂ ಬೇಡ.

– ಸಂಪಾದಕ