ಇಂಗ್ಲಿಷಿನ ‘ರನ್’ ಪದಕ್ಕೆ ಯಾಕೆ ಅಷ್ಟೊಂದು ಅರ್ಥ?

‘ರನ್’ ಅಂದರೆ ಮೂಲತಃ ಓಡುವುದು. ಆದರೆ ಆ ಪದದಲ್ಲಿ ಕಾಲಿಗಿಂತ ಮುಖ್ಯವಾದದ್ದು, ತಡೆಯಿಲ್ಲದೆ ಸಾಗುವುದು. ಹಾಗೆ ಸಾಗುವ ಎಲ್ಲದಕ್ಕೂ ಜನ ಅದೇ ಪದವನ್ನು ಬಳಸುತ್ತಾ ಹೋದರು. ಹಳೆಯ ಅರ್ಥಗಳನ್ನೂ ಬಿಡಲಿಲ್ಲ. ಅದಕ್ಕೇ ಇಷ್ಟೊಂದು ಸೇರಿಕೊಂಡವು.

ನದಿ ಹರಿದರೂ ರನ್, ರಸ್ತೆ ಊರ ಪಕ್ಕ ಹಾದುಹೋದರೂ ರನ್. ಯಂತ್ರಗಳು ಬಂದಾಗ ಎಂಜಿನ್ ಚಾಲೂ ಇರುವುದಕ್ಕೂ ಅದೇ ಪದ ಬಂತು, ಆಮೇಲೆ ಕಂಪ್ಯೂಟರ್ ಪ್ರೋಗ್ರಾಂಗೂ. ತಾನೇ ಓಡುವುದು ಒಂದಾದರೆ, ಇನ್ನೊಂದನ್ನು ಓಡಿಸುವುದು ಮತ್ತೊಂದು. ಅಂಗಡಿ ನಡೆಸುವುದಕ್ಕೆ ರನ್ ಅನ್ನುವುದು ಈ ಎರಡನೆಯ ಅರ್ಥದಲ್ಲಿ. ಕ್ರಿಕೆಟ್ಟಿನ ರನ್ ಮಾತ್ರ ನಿಜವಾದ ಓಟವೇ! ನಾವೂ ‘ಸಿನಿಮಾ ನೂರು ದಿನ ಓಡಿತು’ ಅನ್ನುತ್ತೇವೆ, ಅಲ್ವಾ?

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕರು 2011ರ ಹೊತ್ತಿಗೆ, ಕ್ರಿಯಾಪದವಾಗಿಯೇ ಇದಕ್ಕೆ 645 ಅರ್ಥಗಳನ್ನು ಗುರುತಿಸಿದ್ದರು. 1989ರ ಆವೃತ್ತಿಯಲ್ಲಿ ಅರ್ಥಗಳ ಲೆಕ್ಕದಲ್ಲಿ ‘ಸೆಟ್’ ಪದ ಮುಂದಿತ್ತು.

ಕಲಿಯುವವರಿಗೆ ನಿಜವಾಗಿ ಕಷ್ಟ ಕೊಡುವುದು ಹಿಂದೆ ಅಂಟಿಕೊಳ್ಳುವ ಪುಟ್ಟ ಪದಗಳು. ‘ರನ್ ಔಟ್’ ಅಂದರೆ ಮನೆಯಲ್ಲಿ ಹಾಲು, ಸಕ್ಕರೆ ಮುಗಿದುಹೋಗುವುದು. ‘ರನ್ ಇಂಟು’ ಅಂದರೆ ದಾರಿಯಲ್ಲಿ ಯಾರಾದರೂ ಅಚಾನಕ್ಕಾಗಿ ಸಿಗುವುದು. ಇವನ್ನು ಬಿಡಿಸಿ ನೋಡದೆ, ಇಡಿಯಾಗಿ ಒಂದೇ ಪದ ಅಂತ ಕಲಿಯುವುದು ಸುಲಭ.